ಶಿಶುವಿನ ರಚ್ಚೆ ಮತ್ತು ದಂತೋದ್ಭವ: ಒಂದು ಚಾರಿತ್ರಿಕ ವಿವೇಚನೆ

ಮೂರು ನಾಲ್ಕು ತಿಂಗಳ ಶಿಶುವು ಮುಷ್ಟಿಯನ್ನು ಬಾಯಲ್ಲಿಟ್ಟು ಅಗಿಯುತ್ತ, ಜೊಲ್ಲು ಸುರಿಸುತ್ತ, ರಚ್ಚೆ ಹಿಡಿದು ಅಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ‘ಹಲ್ಲು ಬರುತ್ತಿದೆ’ ಎಂದು ಮನೆಯ ಹಿರಿಯರು ಹೇಳುವರು. ವಿಚಾರಣೆ ಅಲ್ಲಿಗೆ ಮುಗಿಯುವುದು. ಈ ಉತ್ತರವು ಬಹು ಪ್ರಾಚೀನವಾದುದು. ಅದು ಎಷ್ಟರಮಟ್ಟಿಗೆ ನಿಜ, ಅದನ್ನೇ ಪೂರ್ಣ ಸತ್ಯವೆಂದು ನಂಬಿದುದರಿಂದ ಒದಗಿದ ಹಾನಿಯೇನು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಶಿಶುವಿನ ಸ್ವಭಾವವನ್ನು ನೋಡೋಣ. ಕೈಯನ್ನು ಬಾಯಿಗೆ ಒಯ್ಯುವ ಅಭ್ಯಾಸವು ಗರ್ಭದಲ್ಲಿಯೇ ಕಂಡುಬರುವುದು. ಹಸಿದ ಕೂಸು ಅಳುವುದಕ್ಕೆ ಮುಂಚೆ ಕೈ ಚೀಪುವುದು. ನಿದ್ದೆ ಬೇಕಾದಾಗ ತನ್ನನ್ನು ತಾನೇ ಸಂತೈಸಿಕೊಳ್ಳಲು ಚೀಪುವುದು. ಮೂರನೆಯ ತಿಂಗಳ ಸುಮಾರಿಗೆ ತನ್ನ ಕೈಗಳ ಅರಿವುಂಟಾಗಿ, ಬಾಯಿಯಿಂದಲೇ ಅವುಗಳನ್ನು ಪರೀಕ್ಷಿಸತೊಡಗುವುದು. ಇದೇ ಕಾಲದಲ್ಲಿ ಜೊಲ್ಲು ಹೆಚ್ಚುವುದು; ಅದನ್ನೆಲ್ಲ ನುಂಗಲು ಶಿಶುವಿಗೆ ಇನ್ನೂ ಬಾರದು. ಕಾರಣ ತೋರದ ಅಳುವಂತೂ ಆರನೆಯ ವಾರದ ಸುಮಾರಿಗೆ ಹೆಚ್ಚಾಗಿದ್ದು, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುವುದು. ಮೊದಲ ಹಲ್ಲಾದರೋ ಸಾಮಾನ್ಯವಾಗಿ ಆರನೆಯ ತಿಂಗಳ ಆಸುಪಾಸಿನಲ್ಲಿ, ಕೆಳಗಿನ ಒಸಡಿನ ಮುಂಭಾಗದಲ್ಲಿ ಮೂಡುವುದು. ಆದಕಾರಣ ಮೂರನೆಯ ತಿಂಗಳ ರಚ್ಚೆಗೆ ಹಲ್ಲನ್ನು ಹೊಣೆಮಾಡುವುದು ಅನೇಕ ವೇಳೆ ಅಕಾಲದ ತೀರ್ಮಾನವಾಗುವುದು.

ಈ ನಂಬಿಕೆಯ ಚರಿತ್ರೆಯು ದೀರ್ಘವಾದುದು. ಕ್ರಿ.ಶ. 7ನೆಯ ಶತಮಾನದ ಸುಮಾರಿನ ವಾಗ್ಭಟನು ‘ಅಷ್ಟಾಂಗಹೃದಯ’ದ ಉತ್ತರಸ್ಥಾನದಲ್ಲಿ, ದಂತೋದ್ಭವವು ಶಿಶುವಿನ ಎಲ್ಲ ರೋಗಗಳಿಗೂ ಕಾರಣವಾಗಬಲ್ಲದೆಂದು ಹೇಳಿದ್ದಾನೆ. ಆದರೆ ಹಲ್ಲು ಮೂಡಿದೊಡನೆ ಆ ಬಾಧೆಗಳು ತಾವಾಗಿಯೇ ಶಮನವಾಗುವುದರಿಂದ, ಕೂಸನ್ನು ಕಟ್ಟುಪಾಡುಗಳಿಂದ ಅತಿಯಾಗಿ ಪೀಡಿಸಬಾರದೆಂದೂ ಆತನೇ ಎಚ್ಚರಿಸಿದ್ದಾನೆ. ಯೂರೋಪಿನಲ್ಲಿ ಈ ಸಂಯಮವು ಉಳಿಯಲಿಲ್ಲ. 16ನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರ್ವಾಜ್ ಪಾರೆಯು, ಮೃತವಾದ ಎಂಟು ತಿಂಗಳ ಶಿಶುವೊಂದರ ದೇಹವನ್ನು ಪರೀಕ್ಷಿಸಿ, ಗಟ್ಟಿಯಾದ ಒಸಡಿನ ಕೆಳಗೆ ಹಲ್ಲುಗಳು ಸಿದ್ಧವಾಗಿದ್ದುದನ್ನು ಕಂಡನು. ಒಸಡನ್ನು ಕೊಯ್ದಿದ್ದರೆ ಮಗು ಬದುಕುತ್ತಿತ್ತೆಂದು ತೀರ್ಮಾನಿಸಿದನು. ಒಸಡು ಕೊಯ್ಯುವ ಈ ಚಿಕಿತ್ಸೆಯು ಮುಂದೆ ಸುಮಾರು ಮೂರು ಶತಮಾನಗಳ ಕಾಲ ನಡೆಯಿತು.

ಮರಣಪಟ್ಟಿಗಳಲ್ಲಿಯೂ ಹಲ್ಲು ಸ್ಥಾನ ಪಡೆಯಿತು. 1662ರಲ್ಲಿ ಲಂಡನ್ ನಗರದ ಪಟ್ಟಿಗಳನ್ನು ಕುರಿತು ಗ್ರಂಥ ಪ್ರಕಟಿಸಿದ ಜಾನ್ ಗ್ರಾಂಟ್‌ನ ಕೋಷ್ಟಕದಲ್ಲಿ ‘ಹಲ್ಲು ಮತ್ತು ಹುಳು’ ಎಂಬುದು ಮರಣದ ಒಂದು ಕಾರಣ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1839ರಲ್ಲಿ 5,016 ಮರಣಗಳು ಹಲ್ಲು ಹುಟ್ಟುವಿಕೆಯಿಂದ ಆದುವೆಂದು ದಾಖಲಾದುವು. ಇಂಥ ದಾಖಲೆಯನ್ನು ಓದುವ ಬಗೆಯನ್ನು ಗ್ರಾಂಟ್‌ನೇ ನಮಗೆ ತೋರಿಸಿಕೊಟ್ಟಿದ್ದಾನೆ. ಆ ಪಟ್ಟಿಗಳಲ್ಲಿ ಮೃತರ ವಯಸ್ಸು ನಮೂದಾಗಿರಲಿಲ್ಲ. ಆತನು ಹಲ್ಲು, ಹುಳು, ಸೆಳವು ಮೊದಲಾದ ಹೆಸರುಗಳ ಆಧಾರದಿಂದಲೇ, ಸತ್ತವರಲ್ಲಿ ಸುಮಾರು ಮೂರನೆಯ ಒಂದು ಪಾಲು ನಾಲ್ಕೈದು ವರ್ಷದೊಳಗಿನ ಮಕ್ಕಳೆಂದು ಊಹಿಸಿದನು. ಎಂದರೆ, ‘ಹಲ್ಲು’ ಎಂಬ ನಮೂದು ಮಗುವಿನ ವಯಸ್ಸನ್ನು ತಿಳಿಸುವುದೇ ಹೊರತು ರೋಗವನ್ನಲ್ಲ.

ಹಲ್ಲು ಹುಟ್ಟುವ ಕಾಲವೇ ತಾಯಿಯಿಂದ ಗರ್ಭದಲ್ಲಿ ಪಡೆದ ರೋಗನಿರೋಧಕ ಶಕ್ತಿಯು ಕುಗ್ಗುವ ಕಾಲ. ತಾಯಿಯ ಹಾಲಿನೊಡನೆ ಇತರ ಆಹಾರವು ಆರಂಭವಾಗುವ ಕಾಲ. ನೆಲದ ಮೇಲಿನ ವಸ್ತುಗಳೆಲ್ಲ ಬಾಯಿಗೆ ಹೋಗುವ ಕಾಲ. ಭೇದಿ, ಜ್ವರಗಳು ಆಗ ಬರುವುದು ಸಹಜ. ಏಕಕಾಲದಲ್ಲಿ ನಡೆದುದನ್ನು ಕಾರ್ಯಕಾರಣವೆಂದು ಭಾವಿಸಿದುದೇ ಇಲ್ಲಿನ ಪ್ರಮಾದ.

ಈ ಪ್ರಮಾದವು ಪುಸ್ತಕದಲ್ಲಿಯೇ ಉಳಿಯಲಿಲ್ಲ. ಅಮೆರಿಕದಲ್ಲಿ 19ನೆಯ ಶತಮಾನದ ಮಧ್ಯದಿಂದ ಮಾರಾಟವಾದ ‘ಮಿಸೆಸ್ ವಿನ್ಸ್‌ಲೋ’ ಸಿರಪ್ಪಿನಲ್ಲಿ ಮಾರ್ಫೀನ್ ಇದ್ದಿತು. ಬ್ರಿಟನ್ನಿನ ಹಲ್ಲುಪುಡಿಗಳಲ್ಲಿ, ಎಂದರೆ ಹಲ್ಲು ಹುಟ್ಟುವ ಶಿಶುಗಳಿಗೆ ಕೊಡುತ್ತಿದ್ದ ಪುಡಿಗಳಲ್ಲಿ, ಪಾದರಸದ ಲವಣವಾದ ಕ್ಯಾಲೊಮೆಲ್ ಇದ್ದಿತು. ಅದರಿಂದ ಕೈಕಾಲುಗಳು ಕೆಂಪೇರಿ ಉರಿಯುವ ‘ಪಿಂಕ್ ಡಿಸೀಸ್’ ಎಂಬ ರೋಗವುಂಟಾಯಿತು. ನೋವಿನಿಂದ ಅಳುವ ಆ ಮಗುವಿಗೆ, ಹಲ್ಲಿನ ಬಾಧೆಯೆಂದು, ಮತ್ತೆ ಅದೇ ಪುಡಿಯನ್ನು ಕೊಡುವಂತಾಯಿತು! 1940ರ ದಶಕದಲ್ಲಿ ವಾರ್ಕನಿ ಎಂಬ ವೈದ್ಯನು ರೋಗಿಗಳ ಮೂತ್ರದಲ್ಲಿ ಪಾದರಸವನ್ನು ಕಂಡುಹಿಡಿದನು. 1954ರಲ್ಲಿ ಬ್ರಿಟನ್ನಿನ ಪುಡಿಗಳಿಂದ ಅದನ್ನು ತೆಗೆದ ಮೇಲೆ ರೋಗವು ಬಹುಮಟ್ಟಿಗೆ ಮಾಯವಾಯಿತು.

ಹಾಗಾದರೆ ಹಲ್ಲಿನಿಂದ ಬಾಧೆಯೇ ಇಲ್ಲವೆ? ಉಂಟು, ಆದರೆ ಅಲ್ಪ. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ 125 ಶಿಶುಗಳನ್ನು ದಿನದಿನವೂ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಲ್ಲು ಮೂಡುವ ಆಸುಪಾಸಿನ ಎಂಟು ದಿನಗಳಲ್ಲಿ ಕಚ್ಚುವುದು, ಜೊಲ್ಲು, ಒಸಡು ಉಜ್ಜುವುದು, ರಚ್ಚೆ ಇವು ತುಸು ಹೆಚ್ಚುವುವು. ತೀವ್ರ ಜ್ವರಕ್ಕೂ ಹಲ್ಲಿಗೂ ಸಂಬಂಧವು ಕಾಣಲಿಲ್ಲ.

ಆದುದರಿಂದ ಕೈ ಅಗಿಯುವ ಕೂಸಿಗೆ ಮೊದಲು ಹಸಿವನ್ನೂ, ಅನಂತರ ನಿದ್ದೆಯನ್ನೂ ವಿಚಾರಿಸಬೇಕು. ಒಸಡು ಬಾಧಿಸುತ್ತಿದ್ದರೆ ತೊಳೆದ ಬೆರಳಿನಿಂದ ಮೆಲ್ಲನೆ ಉಜ್ಜಿದರೆ ಸಾಕು. ಮರಗಟ್ಟಿಸುವ ಬೆಂಜೊಕೇನ್ ಲೇಪಗಳನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2018ರಲ್ಲಿ ಎಚ್ಚರಿಸಿದೆ. ಜ್ವರ, ಭೇದಿ, ಹಾಲು ನಿರಾಕರಣೆ, ಜಡತೆಗಳು ಕಂಡರೆ ಹಲ್ಲಿನ ಹೆಸರು ಹೇಳಿ ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು. ಮೂರು ತಿಂಗಳೊಳಗಿನ ಶಿಶುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ತಡಮಾಡಲಾಗದು. 1839ರ ಆ 5,016 ನಮೂದುಗಳ ಹಿಂದೆ ಇದ್ದ ನಿಜವಾದ ರೋಗಗಳನ್ನು ಅಂದು ಯಾರೂ ಹುಡುಕಲಿಲ್ಲ; ಸಿದ್ಧ ಉತ್ತರವೊಂದು ಕೈಯಲ್ಲಿದ್ದುದೇ ಅದಕ್ಕೆ ಕಾರಣ.