ದೊರೆಯ ದೇಹ, ಮೇಣದ ಬೆಸುಗೆ

ಈಜಿಪ್ಟಿನ ರಾಜರ ಕಣಿವೆಯಲ್ಲಿ ತುತಾಂಖಾಮುನ್ ಎಂಬ ಎಳೆಯ ದೊರೆಯ ಸಮಾಧಿಯನ್ನು ಹೋವರ್ಡ್ ಕಾರ್ಟರ್ 1922ರಲ್ಲಿ ಕಂಡುಹಿಡಿದ ವೃತ್ತಾಂತವನ್ನು ಕೇಳದವರು ವಿರಳ. ಆದರೆ ಅದಾಗಿ ಮೂರು ವರ್ಷಗಳ ತರುವಾಯ ಆ ದೊರೆಯ ದೇಹಕ್ಕೆ ಒದಗಿದ ಗತಿಯನ್ನು ಬಲ್ಲವರು ಬಹಳ ಮಂದಿ ಇರಲಾರರು. ಅಂತ್ಯಸಂಸ್ಕಾರದ ವೇಳೆ ಪುರೋಹಿತರು ಧಾರಾಳವಾಗಿ ಸುರಿದಿದ್ದ ಸುಗಂಧಲೇಪವು ಕಾಲಾಂತರದಲ್ಲಿ ಕರ್ರಗೆ ಗಟ್ಟಿಯಾಗಿ, ಶರೀರವನ್ನು ಚಿನ್ನದ ಶವಪೆಟ್ಟಿಗೆಗೂ ಶಿರಸ್ಸನ್ನು ಚಿನ್ನದ ಮುಖವಾಡಕ್ಕೂ ಬಿಡಿಸಲಾಗದಂತೆ ಅಂಟಿಸಿಬಿಟ್ಟಿದ್ದಿತು. ಸುಡುಬಿಸಿಲಿನಲ್ಲಿ ಇರಿಸಿದರೂ ಅದು ಕರಗದಿರಲು, 1925ರ ನವೆಂಬರಿನಲ್ಲಿ ಕಾರ್ಟರನೂ ಅಂಗರಚನಾಶಾಸ್ತ್ರಜ್ಞ ಡಗ್ಲಸ್ ಡೆರಿಯೂ ದೇಹವನ್ನು ತುಂಡುತುಂಡಾಗಿ ಬೇರ್ಪಡಿಸಿ, ಕಾಯಿಸಿದ ಚೂರಿಗಳಿಂದ ತಲೆಯನ್ನು ಮುಖವಾಡದಿಂದ ಬಿಡಿಸಿ, ನೂರಕ್ಕೂ ಮಿಕ್ಕ ಆಭರಣಾದಿಗಳನ್ನು ತೆಗೆದುಕೊಂಡು, ಉಳಿದುದನ್ನು ಮರಳು ತುಂಬಿದ ತಟ್ಟೆಯ ಮೇಲೆ ಅಖಂಡ ದೇಹವೆಂಬಂತೆ ಜೋಡಿಸಿಟ್ಟರು.

ಅಂದಿನ ವಿದ್ವಾಂಸರಿಗೆ ಬೇರೆ ಉಪಾಯವಿರಲಿಲ್ಲವೆಂದು ಸಮರ್ಥಿಸುವವರುಂಟು. ಕಾಯುವ ಉಪಾಯವೊಂದು ಇದ್ದೇ ಇದ್ದಿತೆಂದು ನನ್ನ ಭಾವನೆ. ಎಂಬತ್ತು ವರ್ಷಗಳ ಮೇಲೆ, 2005ರಲ್ಲಿ, ಸಿ.ಟಿ. ಸ್ಕ್ಯಾನ್ ಯಂತ್ರವು ಯಾವ ಛೇದನವೂ ಇಲ್ಲದೆ ಅದೇ ದೇಹದ ಸುಮಾರು 1,700 ಚಿತ್ರಗಳನ್ನು ತೆಗೆದುಕೊಟ್ಟಿತು.

ಆತುರದ ಕೈ ಅಂದಿಗೇ ಮುಗಿದುದಲ್ಲ. 2014ರಲ್ಲಿ ಕೈರೋ ಸಂಗ್ರಹಾಲಯದಲ್ಲಿ ಆ ಮುಖವಾಡದ ಗಡ್ಡವು ಕಳಚಿದಾಗ ಅದನ್ನು ಎಪಾಕ್ಸಿ ಅಂಟಿನಿಂದ ಅವಸರವಾಗಿ ಕೂಡಿಸಲಾಯಿತು. ಚಿನ್ನದ ಮೇಲೆ ಹರಡಿ ಗಟ್ಟಿಯಾದ ಆ ಅಂಟನ್ನು ಮರುವರ್ಷ ಜರ್ಮನ್ ಮತ್ತು ಈಜಿಪ್ಟಿನ ತಜ್ಞರು ಮರದ ಕಡ್ಡಿಗಳಿಂದ ಮೆಲ್ಲಮೆಲ್ಲನೆ ಕೆರೆದು ತೆಗೆದು, ಪ್ರಾಚೀನರೇ ಬಳಸಿದ್ದ ಜೇನುಮೇಣದಿಂದ ಗಡ್ಡವನ್ನು ಪುನಃ ಸೇರಿಸಿದರು. ಮೇಣವನ್ನು ನಾಳೆ ಕರಗಿಸಬಹುದು. ಇಂದಿನ ದುರಸ್ತಿಯನ್ನು ಮುಂದಿನವರು ಬಿಚ್ಚುವಂತಿರಬೇಕೆಂಬುದೇ ಸಂರಕ್ಷಣಶಾಸ್ತ್ರದ ಪ್ರಥಮ ನಿಯಮ.

ದೇಹದಂತೆಯೇ ಹೆಸರಿಗೂ ಆರೈಕೆ ಬೇಕು. ಮೃತನ ನಾಮವನ್ನು ಉಚ್ಚರಿಸುವವರಿರುವ ತನಕ ಅವನು ಬದುಕಿರುವನೆಂದು ಪ್ರಾಚೀನ ಈಜಿಪ್ಟಿನ ಜನ ನಂಬಿದ್ದರು. ನಾವಾದರೋ ಡಾಂಬರೆಂಬ ಅರ್ಥದ ಹಳೆಯ ಪಾರಸಿ ಶಬ್ದದಿಂದ ಹುಟ್ಟಿದ ‘ಮಮ್ಮಿ’ ಎಂಬ ಪದದಿಂದ ಅವರೆಲ್ಲರನ್ನೂ ಕರೆದೆವು. ಬ್ರಿಟನ್ನಿನ ಕೆಲವು ಸಂಗ್ರಹಾಲಯಗಳು ಈಗ ಆ ಪದದ ಬದಲು ‘ವ್ಯಕ್ತಿ’ ಎಂಬರ್ಥದ ಮಾತನ್ನು ಫಲಕಗಳಲ್ಲಿ ಬರೆಯತೊಡಗಿರುವುದು ಸರಿಯಾದ ನಡೆ.

ತುತಾಂಖಾಮುನನು ಇಂದಿಗೂ ತನ್ನ ಸಮಾಧಿಯಲ್ಲಿಯೇ, 2007ರಲ್ಲಿ ಇರಿಸಿದ ಹವಾನಿಯಂತ್ರಿತ ಗಾಜಿನ ಪೆಟ್ಟಿಗೆಯೊಳಗೆ, ಬಿಳಿಯ ನಾರುಮಡಿ ಹೊದ್ದು, ಮುಖವನ್ನೂ ಪಾದಗಳನ್ನೂ ಮಾತ್ರ ತೋರುತ್ತ ಮಲಗಿದ್ದಾನೆ.