ಡಬ್ಬಿಯ ಮೇಲಿನ ಅಕ್ಷರವೂ ವಿಜ್ಞಾನವೇ

ರಾಕ್ ಸಂಗೀತದ ಕಾರ್ಯಕ್ರಮವನ್ನು ವೇದಿಕೆಯ ಹತ್ತಿರ ನಿಂತು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಗಿಟಾರ್ ನುಡಿಸುವಾತ ಆಗಾಗ ನೆಲದ ಮೇಲಿನ ಪುಟ್ಟ ಡಬ್ಬಿಯೊಂದನ್ನು ಕಾಲಿನಿಂದ ಒತ್ತುತ್ತಾನೆ. ಅಲ್ಲಿಯವರೆಗೆ ಮೆಲ್ಲಗೆ ಹರಿಯುತ್ತಿದ್ದ ನಾದ ಒಮ್ಮೆಲೇ ಗರಗಸದಂತೆ ಗರಗರಿಸತೊಡಗುತ್ತದೆ. ಮತ್ತೊಮ್ಮೆ ಒತ್ತಿದರೆ ಮೊದಲಿನ ನಾದವೇ ಮರಳುತ್ತದೆ. ಈ ಡಬ್ಬಿಯೇ ಗಿಟಾರ್ ಪೆಡಲ್.

ಸರಳವಾದ ಪೆಡಲ್ ಒಂದರ ಒಳಗಿರುವುದು ಎರಡು ಟ್ರಾನ್ಸಿಸ್ಟರ್, ಬೆರಳೆಣಿಕೆಯ ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳು, 9 ವೋಲ್ಟಿನ ಒಂದು ಬ್ಯಾಟರಿ, ಅಷ್ಟೇ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಬಗ್ಗೆ ಓದಿದ ವಿದ್ಯಾರ್ಥಿ ಇದನ್ನು ತಾನೇ ಬೆಸುಗೆ ಹಾಕಿ ಕಟ್ಟಬಲ್ಲ. ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಬಿಡಿಯಾಗಿಯೇ ಸಿಗುತ್ತವೆ. ಆದರೆ ಹೀಗೆ ಕಟ್ಟಿದ ಎಷ್ಟೋ ಪೆಡಲ್‌ಗಳು ಬೋಳು ಡಬ್ಬಿಯಲ್ಲೇ ಉಳಿದುಬಿಡುತ್ತವೆ. ನಾದ ಬಂತಲ್ಲ, ಇನ್ನು ಬಣ್ಣ ಬಳಿಯುವುದು, ಅಕ್ಷರ ಬರೆಯುವುದೆಲ್ಲ ಬರೀ ಅಲಂಕಾರ ಎಂಬ ಭಾವನೆ ಇದಕ್ಕೆ ಕಾರಣ.

ಪ್ರಯೋಗಶಾಲೆಯ ಒಂದು ನಿಯಮವನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಚೀಟಿ ಕಿತ್ತುಹೋದ ಬಾಟಲಿಯೊಳಗೆ ಎಷ್ಟೇ ಬೆಲೆಬಾಳುವ ರಾಸಾಯನಿಕವಿದ್ದರೂ ಅದನ್ನು ಬಳಸುವಂತಿಲ್ಲ. ಒಳಗೇನಿದೆ ಎಂದು ತುಂಬಿಟ್ಟವನಿಗೆ ಮಾತ್ರ ಗೊತ್ತು; ಕೆಲವು ತಿಂಗಳು ಕಳೆದರೆ ಅವನಿಗೂ ಗೊತ್ತಿರುವುದಿಲ್ಲ. ಪೆಡಲ್ ಡಬ್ಬಿಯ ಕಥೆಯೂ ಇದೇ. ಬಣ್ಣವೂ ಅಕ್ಷರವೂ ಆ ಉಪಕರಣದ ಭಾಗಗಳೇ. ಜೊತೆಗೆ ಅವುಗಳಲ್ಲಿ ಭೌತ, ರಸಾಯನ ಎರಡೂ ಶಾಸ್ತ್ರಗಳ ಪಾಠಗಳು ಅಡಗಿವೆ.

ದೋಷದಿಂದ ಹುಟ್ಟಿದ ನಾದ

ಈ ಗರಗರ ನಾದಕ್ಕೆ ಫಜ್ ಎಂದು ಹೆಸರು. 1961ರಲ್ಲಿ ಹೊರಬಂದ ಅಮೆರಿಕದ ಗಾಯಕ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನ ಮುದ್ರಣದ ವೇಳೆ ನ್ಯಾಶ್‌ವಿಲ್‌ನ ಸ್ಟುಡಿಯೋದಲ್ಲಿ ಧ್ವನಿ ಬೆರೆಸುವ ಯಂತ್ರದ ಒಂದು ಭಾಗ ಕೆಟ್ಟಿತ್ತು. ಗಿಟಾರಿನ ದನಿ ಒಡೆದು ಬಂತು. ಅದನ್ನು ತೆಗೆದುಹಾಕದೆ ಹಾಡಿನಲ್ಲಿ ಹಾಗೆಯೇ ಉಳಿಸಿಕೊಂಡರು. ಜನರಿಗೆ ಅದು ಹಿಡಿಸಿತು. ಧ್ವನಿಮುದ್ರಣ ತಂತ್ರಜ್ಞ ಗ್ಲೆನ್ ಸ್ನಾಡಿ ಅದೇ ನಾದವನ್ನು ಟ್ರಾನ್ಸಿಸ್ಟರ್‌ಗಳಿಂದ ಬೇಕೆಂದೇ ಹೊರಡಿಸುವ ಮಂಡಲವನ್ನು ರೂಪಿಸಿದರು. 1962ರಲ್ಲಿ ಅದು ‘ಮೇಸ್ಟ್ರೋ ಫಜ್‌ಟೋನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಬಳಸಿದ ಮೇಲೆ ಫಜ್ ಲೋಕಪ್ರಸಿದ್ಧವಾಯಿತು.

ಮುಂದೆ ಬಗೆಬಗೆಯ ಪೆಡಲ್‌ಗಳು ಬಂದಂತೆ ಅವುಗಳ ಬಣ್ಣಕ್ಕೂ ಒಂದು ಕೆಲಸ ಸಿಕ್ಕಿತು. ಜಪಾನಿನ ಬಾಸ್ ಕಂಪನಿ 1977ರಿಂದ ತಂದ ಪುಟ್ಟ ಪೆಡಲ್‌ಗಳಲ್ಲಿ ಒಂದು ಹಳದಿ, ಇನ್ನೊಂದು ಕಿತ್ತಳೆ, ಮತ್ತೊಂದು ತಿಳಿನೀಲಿ. ಮಂದ ಬೆಳಕಿನ ವೇದಿಕೆಯಲ್ಲಿ ಹೆಸರು ಓದುವಷ್ಟು ಪುರುಸೊತ್ತು ಕಲಾವಿದನಿಗೆ ಇರುವುದಿಲ್ಲ. ಬಣ್ಣ ಕಂಡೊಡನೆ ಕಾಲು ಸರಿಯಾದ ಡಬ್ಬಿಯ ಮೇಲೆ ಹೋಗಬೇಕು.

ಅಲ್ಯೂಮಿನಿಯಂ ಎಂಬ ಹಟಮಾರಿ

ಮನೆಯಲ್ಲಿ ಪೆಡಲ್ ಕಟ್ಟುವವರು ಸಾಮಾನ್ಯವಾಗಿ ಬಳಸುವುದು ಎರಕದ ಅಲ್ಯೂಮಿನಿಯಂ ಡಬ್ಬಿ. ಕೆನಡಾದ ಹ್ಯಾಮಂಡ್ ಕಂಪನಿಯ 1590ಬಿ ಎಂಬ ಅಳತೆ ಇದಕ್ಕೆ ಹೆಸರಾದದ್ದು. ಸುಮಾರು 112 ಮಿ.ಮೀ. ಉದ್ದ, 60 ಮಿ.ಮೀ. ಅಗಲ, 31 ಮಿ.ಮೀ. ಎತ್ತರ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು.

ತೂತುಗಳನ್ನೆಲ್ಲ ಮೊದಲು ಕೊರೆದು, ಅಂಚಿನ ಮುಳ್ಳುಗಳನ್ನು ಅರದಿಂದ ಉಜ್ಜಿ, ಆಮೇಲೆ ಬಣ್ಣದ ಮಾತು. ಬಣ್ಣ ಬಳಿದ ಮೇಲೆ ಡ್ರಿಲ್ ಹಿಡಿದರೆ ತೂತಿನ ಸುತ್ತ ಬಣ್ಣ ಚಕ್ಕೆ ಏಳುತ್ತದೆ.

ನಯವಾದ ಅಲ್ಯೂಮಿನಿಯಂ ಮೇಲೆ ಬಣ್ಣ ಗಟ್ಟಿಯಾಗಿ ಕೂರುವುದಿಲ್ಲ. ಅದಕ್ಕೆ ಹಿಡಿದುಕೊಳ್ಳಲು ಜಾಗವೇ ಸಿಗದಿರುವುದು ಒಂದು ಕಾರಣ. ಮುಟ್ಟಿದಾಗಲೆಲ್ಲ ಬೆರಳಿನಿಂದ ಮೆತ್ತುವ ಜಿಡ್ಡು ಇನ್ನೊಂದು ಕಾರಣ. ಹೀಗಾಗಿ ಮೊದಲು 220, ಬಳಿಕ 400 ನಂಬರಿನ ಉಪ್ಪು ಕಾಗದದಿಂದ ಡಬ್ಬಿಯನ್ನು ಎಲ್ಲ ಕಡೆಯೂ ಒಂದೇ ಸಮನಾಗಿ ಉಜ್ಜಬೇಕು. ಹೊಳಪು ಹೋಗಿ ಮಬ್ಬು ಬೂದುಬಣ್ಣ ಬಂದರೆ ಸಾಕು. ಕಣ್ಣಿಗೆ ಕಾಣದ ಗೀರುಗಳಲ್ಲಿ ಬಣ್ಣ ಬೇರೂರುತ್ತದೆ. ಉಜ್ಜಿದ ಬಳಿಕ ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಶುಚಿ ಮಾಡಿ, ಅಲ್ಲಿಂದ ಮುಂದೆ ಬರಿಗೈಯಿಂದ ಮುಟ್ಟಬಾರದು. ಮೊದಲ ಲೇಪ ಲೋಹಕ್ಕೆಂದೇ ತಯಾರಿಸಿದ ಪ್ರೈಮರ್‌ನದಾಗಿರಲಿ.

ತೆಳು ಲೇಪ, ತಾಳ್ಮೆ ಲೇಪ

ಸ್ಪ್ರೇ ಡಬ್ಬಿಯನ್ನು ಸುಮಾರು 20ರಿಂದ 25 ಸೆಂ.ಮೀ. ದೂರದಲ್ಲಿ ಹಿಡಿದು ಕೈಯನ್ನು ಅತ್ತಿಂದಿತ್ತ ಆಡಿಸುತ್ತ ಹೊಡೆಯಬೇಕು. ತೀರ ಹತ್ತಿರ ಹಿಡಿದರೆ ಬಣ್ಣ ಗುರುತ್ವಕ್ಕೆ ಸೋತು ಕಣ್ಣೀರಿನಂತೆ ಇಳಿಯುತ್ತದೆ. ತೀರ ದೂರ ಹಿಡಿದರೆ ಹನಿಗಳು ದಾರಿಯಲ್ಲೇ ಅರೆ ಒಣಗಿ ಮೇಲ್ಮೈ ಮರಳು ಮರಳಾಗುತ್ತದೆ. ಒಂದು ದಪ್ಪ ಲೇಪಕ್ಕಿಂತ ನಾಲ್ಕು ತೆಳು ಲೇಪ ಮೇಲು. ದಪ್ಪ ಲೇಪದಲ್ಲಿ ಮೇಲಿನ ಪದರ ಮೊದಲು ಒಣಗಿ ಹಾಲಿನ ಕೆನೆಯಂತೆ ಮುಚ್ಚಿಕೊಳ್ಳುತ್ತದೆ. ಒಳಗೆ ಸಿಕ್ಕಿಕೊಂಡ ದ್ರಾವಕ ಹೊರಬರಲು ಹೆಣಗಿದಾಗ ಮೇಲ್ಮೈ ಸುಕ್ಕುಗಟ್ಟುತ್ತದೆ.

ಬಣ್ಣ ಒಣಗುವುದು ಎಂದರೂ ಎಲ್ಲ ಬಣ್ಣ ಒಂದೇ ರೀತಿ ಒಣಗುವುದಿಲ್ಲ. ಲ್ಯಾಕರ್‌ನಲ್ಲಿ ದ್ರಾವಕ ಆವಿಯಾಗಿ ಹೋಗುತ್ತದೆ, ಅಷ್ಟೇ. ಥಿನ್ನರ್ ತಗುಲಿದರೆ ಅದು ಮತ್ತೆ ಕರಗುತ್ತದೆ. ಕಿಟಕಿಯ ಸರಳಿಗೆ ಬಳಿಯುವ ಎಣ್ಣೆ ಎನಾಮಲ್ ಹಾಗಲ್ಲ. ದ್ರಾವಕ ಹೋದ ಮೇಲೆ ಅದು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ನಿಧಾನವಾಗಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದಿರಲು ಕೆಲವು ಗಂಟೆ ಸಾಕಾದರೂ ಉಗುರಿಗೆ ಜಗ್ಗದಷ್ಟು ಗಡಸಾಗಲು ವಾರವೋ ಅದಕ್ಕಿಂತ ಹೆಚ್ಚೋ ಬೇಕು. ಪರೀಕ್ಷೆ ಸುಲಭ. ಮೂಗಿನ ಬಳಿ ತಂದಾಗ ಥಿನ್ನರ್ ವಾಸನೆ ಬಂದರೆ ದ್ರಾವಕ ಇನ್ನೂ ಹೊರಡುತ್ತಲೇ ಇದೆ ಎಂದರ್ಥ. ಎಳೆಯ ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಅದರ ಬಲವಾದ ದ್ರಾವಕ ಕೆಳಗಿನ ಪದರವನ್ನೇ ಎಬ್ಬಿಸಿಬಿಡಬಹುದು. ಒಂದು ತಗಡಿನ ಚೂರಿನ ಮೇಲೆ ಮೊದಲು ಪ್ರಯೋಗಿಸಿ ನೋಡುವುದು ಜಾಣತನ.

ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಇನ್ನೊಂದನ್ನು ನೆನಪಿಡಬೇಕು. ಮಣ್ಣಿನ ಹೂಜಿಯ ನೀರು ತಣ್ಣಗಾಗುವಂತೆ, ದ್ರಾವಕ ಆವಿಯಾಗುವಾಗ ಬಣ್ಣದ ಮೇಲ್ಮೈಯೂ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಂಪಿಗೆ ಇಬ್ಬನಿ ಕೂತು ಲ್ಯಾಕರ್ ಹಾಲಿನಂತೆ ಬೆಳ್ಳಗಾಗುತ್ತದೆ. ಬಣ್ಣದ ಕಂಪನಿಯನ್ನು ಬೈಯುವ ಮೊದಲು ಆಕಾಶವನ್ನು ನೋಡಿ. ಮೋಡವಿಲ್ಲದ, ಗಾಳಿ ಜೋರಾಗಿಲ್ಲದ ದಿನ ಈ ಕೆಲಸಕ್ಕೆ ಒಳ್ಳೆಯದು.

ಅಕ್ಷರ ಎಷ್ಟು ದೊಡ್ಡದಿರಬೇಕು?

ಇದನ್ನು ಊಹಿಸಬೇಕಾಗಿಲ್ಲ, ಲೆಕ್ಕ ಹಾಕಬಹುದು. ಕಣ್ಣಿನ ವೈದ್ಯರ ಫಲಕದಲ್ಲಿ ಸರಿಯಾದ ದೃಷ್ಟಿ ಇರುವವರು ಓದಬೇಕಾದ ಅಕ್ಷರ ಕಣ್ಣಿನಲ್ಲಿ 5 ಮಿನಿಟಿನ ಕೋನ ಮಾಡುವಷ್ಟು ಎತ್ತರವಿರುತ್ತದೆ. ಒಂದು ಡಿಗ್ರಿಯ 60ನೇ ಒಂದು ಭಾಗವೇ ಮಿನಿಟು. ನಿಂತು ನುಡಿಸುವವನ ಕಣ್ಣಿಗೂ ನೆಲದ ಮೇಲಿನ ಪೆಡಲ್‌ಗೂ ದೂರ ಸುಮಾರು 1.5 ಮೀಟರ್ ಎಂದಿಟ್ಟುಕೊಳ್ಳಿ. ಆಗ ಅಕ್ಷರದ ಎತ್ತರ ಸುಮಾರು 2.2 ಮಿ.ಮೀ. ಬರುತ್ತದೆ. ಇದು ಒಳ್ಳೆಯ ಬೆಳಕಿನಲ್ಲಿ ಕನಿಷ್ಠ ಅಳತೆ. ವೇದಿಕೆಯ ಮಬ್ಬಿನಲ್ಲಿ ಅದರ ಎರಡರಷ್ಟು, ಅಂದರೆ 4ರಿಂದ 5 ಮಿ.ಮೀ. ಇರಲಿ.

ಕನ್ನಡದಲ್ಲೂ ಬರೆಯಬಹುದು, ಬರೆಯಬೇಕು ಕೂಡ. ‘ಧ್ವನಿ’, ‘ಗಡಸು’, ‘ಒಳಗೆ’, ‘ಹೊರಗೆ’ ಎಂದರೆ ಯಾರಿಗೆ ತಿಳಿಯದು? ಆದರೆ ನಮ್ಮ ಲಿಪಿಗೆ ಒತ್ತಕ್ಷರವಿದೆ, ಗುಡಿಸು, ಕೊಂಬುಗಳಿವೆ. ಇಂಗ್ಲಿಷ್ ಅಕ್ಷರಕ್ಕಿಂತ ಕೊಂಚ ದೊಡ್ಡದಾಗಿ, ಸಾಲಿನ ಕೆಳಗೆ ಒತ್ತಿಗೆ ಜಾಗ ಬಿಟ್ಟು ಬರೆಯಬೇಕು. ದಪ್ಪ ಮೊನೆಯ ಪೆನ್ನಿನಲ್ಲಿ ಬರೆದರೆ ‘ಧ’ ಅಕ್ಷರದ ಹೊಟ್ಟೆ ಸೀಳಿದ ಗೆರೆ ಮಾಯವಾಗಿ ಅದು ‘ದ’ ಆಗಿಬಿಡುತ್ತದೆ.

ಇನ್ನು ಬಣ್ಣದ ಆಯ್ಕೆ. ಬಿಳಿಯ ಮೇಲೆ ಬರೆದ ಕೆಂಪು ಅಕ್ಷರ ಹಗಲಿನಲ್ಲಿ ಚೆನ್ನ. ವೇದಿಕೆಯಲ್ಲಿ ಕೆಂಪು ದೀಪ ಹತ್ತಿದರೆ ಬಿಳಿಯೂ ಕೆಂಪಾಗಿ ಅಕ್ಷರ ಕಾಣೆಯಾಗುತ್ತದೆ. ಹಳದಿಯ ಮೇಲಿನ ಕಪ್ಪು ನೀಲಿ ದೀಪದಲ್ಲಿ ಮಂಕಾಗುತ್ತದೆ. ಯಾವ ದೀಪಕ್ಕೂ ಹೆದರದ ಜೋಡಿ ಕಪ್ಪು-ಬಿಳುಪು ಮಾತ್ರ.

ಬರೆಯುವ ಮೊದಲು ಕಾಗದದ ಮೇಲೆ ನಿಜ ಅಳತೆಯ ನಕ್ಷೆ ಮಾಡಿ ಡಬ್ಬಿಯ ಮೇಲಿಟ್ಟು, ನಾಬ್‌ಗಳನ್ನೂ ಕೂರಿಸಿ ನೋಡಿ. ತೂತು ನೋಡಿ ಬರೆದ ಅಕ್ಷರ ಎಷ್ಟೋ ಸಲ ನಾಬ್ ಅಡಿಯಲ್ಲಿ ಮರೆಯಾಗುತ್ತದೆ.

ಅಕ್ಷರ ಮೂಡಿಸುವ ದಾರಿಗಳು

ಎಲ್ಲಕ್ಕಿಂತ ಸುಲಭದ್ದು ಪೇಂಟ್ ಮಾರ್ಕರ್. 1960ರ ದಶಕದಿಂದ ನಕ್ಷೆಗಾರರು ಬಳಸಿದ, ಉಜ್ಜಿ ಅಂಟಿಸುವ ಲೆಟ್ರಾಸೆಟ್ ಅಕ್ಷರಗಳು ಇನ್ನೊಂದು ದಾರಿ. ಮೂರನೆಯದು ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ಡೆಕಾಲ್ ಹಾಳೆ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಇದರ ಮೇಲೆ ಮುದ್ರಿಸಬಹುದು. ಇಂಕ್‌ಜೆಟ್ ಶಾಯಿ ನೀರಿನಲ್ಲಿ ಕದಡುವುದರಿಂದ ನೆನೆಸುವ ಮೊದಲು ಅದರ ಮೇಲೆ ಪಾರದರ್ಶಕ ಲೇಪ ಬೇಕು. ಲೇಸರ್ ಮುದ್ರಣದ ಟೋನರ್ ಪ್ಲಾಸ್ಟಿಕ್ಕಿನ ಪುಡಿಯಾದ್ದರಿಂದ ನೀರಿಗೆ ಜಗ್ಗದು. ಮನೆಯ ಮುದ್ರಣಯಂತ್ರಕ್ಕೆ ಬಿಳಿ ಬಣ್ಣ ಮುದ್ರಿಸಲು ಬರುವುದಿಲ್ಲ ಎಂಬುದೂ ನೆನಪಿರಲಿ. ಪಾರದರ್ಶಕ ಹಾಳೆಯ ಖಾಲಿ ಜಾಗದಲ್ಲಿ ಡಬ್ಬಿಯ ಬಣ್ಣವೇ ಕಾಣುತ್ತದೆ. ಹಾಗಾಗಿ ಡಬ್ಬಿ ತಿಳಿಬಣ್ಣದ್ದಿರಲಿ.

ಯಾವ ದಾರಿ ಹಿಡಿದರೂ ಕೊನೆಗೆ ಮೇಲೊಂದು ಬಣ್ಣವಿಲ್ಲದ ಲೇಪ ಬೇಕು. ಇದು ಕಾಲಿನಡಿ ಬಾಳುವ ವಸ್ತು. ಮೊದಲೆರಡು ಲೇಪ ಮಂಜಿನಂತೆ ತೆಳುವಾಗಿರಲಿ. ಒದ್ದೆಯಾಗಿ ಸುರಿದರೆ ಆ ದ್ರಾವಕವೇ ಮಾರ್ಕರ್ ಶಾಯಿಯನ್ನು ಕರಗಿಸಿ ಅಕ್ಷರವನ್ನು ಹರಡಿಬಿಡುತ್ತದೆ.

ಬಣ್ಣ ಬೇಡದ ಜಾಗ

ಡಬ್ಬಿಯ ಒಳಗೆ ಮಾತ್ರ ಬಣ್ಣ ಬೇಡ. ಲೋಹದ ಡಬ್ಬಿ ಒಂದು ಫ್ಯಾರಡೆ ಪಂಜರ. 1836ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದಂತೆ, ಹೊರಗಿನ ವಿದ್ಯುತ್ ಕ್ಷೇತ್ರವನ್ನು ಅದು ಒಳಗೆ ಬಿಡುವುದಿಲ್ಲ. ಮನೆಯ ವಿದ್ಯುತ್ ತಂತಿಗಳ 50 ಹರ್ಟ್ಸ್ ಗುಂಯ್‌ಗುಡುವಿಕೆ ಪೆಡಲ್‌ಗೆ ನುಗ್ಗದಂತೆ ತಡೆಯುವುದು ಇದೇ. ಆದರೆ ಡಬ್ಬಿ, ಮುಚ್ಚಳ ಎರಡೂ ಮಂಡಲದ ಗ್ರೌಂಡ್‌ಗೆ ಸೇರಿರಬೇಕು. ಬಣ್ಣ ಅವಾಹಕ. ಗಿಟಾರ್ ತಂತಿಯ ಜಾಕ್ ಕೂರುವ ತೂತಿನ ಒಳಬದಿಯಲ್ಲೂ ಮುಚ್ಚಳ ಕೂರುವ ಅಂಚಿನಲ್ಲೂ ಮಾಸ್ಕಿಂಗ್ ಟೇಪ್ ಹಚ್ಚಿ ಲೋಹವನ್ನು ಬರಿದಾಗಿಯೇ ಉಳಿಸಿ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಜಾಕ್‌ಗೂ ಇನ್ನೊಂದನ್ನು ಮುಚ್ಚಳದ ಒಳಬದಿಗೂ ಇಟ್ಟಾಗ ಅದು ‘ಬೀಪ್’ ಎಂದರೆ ಕೆಲಸ ಸರಿಯಾಯಿತು.

ವಿದ್ಯುತ್ ಅಡಾಪ್ಟರಿನ ಕಿಂಡಿಯ ಪಕ್ಕದ ಬರಹ ಎಲ್ಲಕ್ಕಿಂತ ಮುಖ್ಯ. ಬಹಳಷ್ಟು ಪೆಡಲ್‌ಗಳಲ್ಲಿ 9 ವೋಲ್ಟ್ ಡಿಸಿ, ನಡುವಿನ ಕಡ್ಡಿ ಋಣ, ಹೊರ ಬಳೆ ಧನ. ಮನೆಯಲ್ಲಿರುವ ಬೇರೆ ಅಡಾಪ್ಟರುಗಳಲ್ಲಿ ಇದು ತದ್ವಿರುದ್ಧ ಇರುವುದುಂಟು. ಗೊತ್ತಿಲ್ಲದ ಗೆಳೆಯ ಅದನ್ನೇ ಚುಚ್ಚಿದರೆ ವಾರಗಟ್ಟಲೆ ಪಟ್ಟ ಶ್ರಮ ಕ್ಷಣದಲ್ಲಿ ಸುಟ್ಟುಹೋಗಬಹುದು. ಆದ್ದರಿಂದ ವೋಲ್ಟನ್ನೂ ಧ್ರುವದ ಗುರುತನ್ನೂ ತಪ್ಪದೆ ಬರೆಯಿರಿ. ಹೊರ ಬಳೆ ಧನವಾಗಿರುವುದರಿಂದ ಈ ಕಿಂಡಿ ಪ್ಲಾಸ್ಟಿಕ್ ಮೈಯದೇ ಆಗಿರಬೇಕು. ಲೋಹದ್ದಾದರೆ ಗ್ರೌಂಡ್ ಆಗಿರುವ ಡಬ್ಬಿಗೆ ತಗುಲಿ ಶಾರ್ಟ್ ಆಗುತ್ತದೆ. ‘ಮಧ್ಯೆ ಬಣ್ಣ ಇದೆಯಲ್ಲ’ ಎಂದು ನಂಬುವಂತಿಲ್ಲ. ಒಂದು ಗೀರು ಬಿದ್ದರೆ ಮುಗಿಯಿತು.

ತಂದೆತಾಯಿಗಳಿಗೆ

ಮಕ್ಕಳು ಈ ಕೆಲಸಕ್ಕೆ ಇಳಿದಾಗ ಬೇಡವೆನ್ನುವ ಬದಲು ಜೊತೆಗೆ ನಿಲ್ಲಿ. ಸ್ಪ್ರೇ ಬಣ್ಣದ ದ್ರಾವಕ, ಅದನ್ನು ಹೊರದೂಡುವ ಅನಿಲ ಎರಡೂ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತವೆ. ಅಡುಗೆ ಒಲೆ, ದೇವರ ದೀಪ, ಗ್ಯಾಸ್ ಗೀಸರ್ ಇವುಗಳಿಂದ ದೂರ, ಅಂಗಳದಲ್ಲೋ ತಾರಸಿಯಲ್ಲೋ ಹೊಡೆಯಲಿ. ಬಟ್ಟೆಯ ಮಾಸ್ಕ್ ಬಣ್ಣದ ಹನಿಯನ್ನು ಒಂದಿಷ್ಟು ತಡೆದೀತು, ದ್ರಾವಕದ ಆವಿಯನ್ನಲ್ಲ. ಅದಕ್ಕೆ ಇದ್ದಿಲಿನ ಸೋಸುಕವಿರುವ ಮಾಸ್ಕೇ ಬೇಕು. ಬೇಗ ಒಣಗಲೆಂದು ಅಡುಗೆಮನೆಯ ಓವನ್‌ನಲ್ಲಿ ಇಡುವುದು ಬೇಡ. ಕಾಸ್ಟಿಕ್ ಸೋಡ, ಫೆರಿಕ್ ಕ್ಲೋರೈಡ್ ಬಳಸಿ ಲೋಹವನ್ನೇ ಕೊರೆದು ಅಕ್ಷರ ಮೂಡಿಸುವ ವಿಧಾನವೂ ಇದೆ. ಅಲ್ಯೂಮಿನಿಯಂ ಜೊತೆ ಇವು ರಭಸದಿಂದ ವರ್ತಿಸಿ ಕಾವೇರುತ್ತವೆ. ಕಾಸ್ಟಿಕ್ ಸೋಡ ಹೈಡ್ರೋಜನನ್ನೂ ಹೊರಬಿಡುತ್ತದೆ. ಮನೆಯಲ್ಲಿ ಮಕ್ಕಳು ಮಾಡುವ ಕೆಲಸ ಇದಲ್ಲ.

ಪರೀಕ್ಷೆಯಲ್ಲಿ ಈ ಡಬ್ಬಿಗೆ ಅಂಕ ಸಿಗುವುದಿಲ್ಲ, ನಿಜ. ಆದರೆ ಹಿಡಿದ ಕೆಲಸವನ್ನು ಕೊನೆಯವರೆಗೆ ಮುಗಿಸುವುದು, ತಾನು ಎದುರಿಗಿಲ್ಲದಾಗಲೂ ಇನ್ನೊಬ್ಬರು ಅದನ್ನು ಸುರಕ್ಷಿತವಾಗಿ ಬಳಸುವಂತೆ ನಾಲ್ಕು ಅಕ್ಷರ ಬರೆದಿಡುವುದು ಸಣ್ಣ ಕಲಿಕೆಯಲ್ಲ. ಮುಂದೆ ಇದೇ ಮಕ್ಕಳು ಔಷಧದ ಸೀಸೆಗೋ ವಿದ್ಯುತ್ ಫಲಕಕ್ಕೋ ಚೀಟಿ ಅಂಟಿಸುವ ದಿನ ಬಂದೀತು. ಅಂದು ಆ ಚೀಟಿಯನ್ನು ನಂಬಿ ಕೈಯಿಡುವವರು ಬೇರೆ ಯಾರೋ ಆಗಿರುತ್ತಾರೆ.