ಜಾಲಪ್ರಕಟಣೆಯಲ್ಲಿ ಗ್ರಂಥಶೋಧ: ನರಗುಂದದ ಒಂದು ನಿದರ್ಶನ

ನರಗುಂದದ ಸಂಸ್ಥಾನಿಕ ಭಾಸ್ಕರರಾವ ಭಾವೆಯು 1858ರಲ್ಲಿ ಆಂಗ್ಲರ ವಿರುದ್ಧ ಶಸ್ತ್ರ ಹಿಡಿದುದೂ ಅದೇ ವರ್ಷ ಬೆಳಗಾವಿಯಲ್ಲಿ ಗಲ್ಲಿಗೇರಿದುದೂ ಸುವಿದಿತ. ಜನರು ಬಾಬಾಸಾಹೇಬನೆಂದು ಕರೆದ ಈ ಅರಸನಲ್ಲಿ ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವಿದ್ದಿತೆಂಬ ಸಂಗತಿಗೆ ಅಷ್ಟು ಪ್ರಚಾರವಿಲ್ಲ. ಸಂಸ್ಥಾನವೇ ಅಳಿದ ಮೇಲೆ ಅಂಥ ಭಂಡಾರ ನಿಲ್ಲುವುದೆಂತು? ಗ್ರಂಥನಾಶದ ಈ ಬಗೆಯನ್ನು ನಾವೆಲ್ಲ ಬಲ್ಲೆವು. ಆದರೆ ಗ್ರಂಥವು ಇದ್ದೂ ಇಲ್ಲದಂತಾಗುವ ಇನ್ನೊಂದು ಬಗೆಯುಂಟು. ಜಾಲತಾಣಗಳಲ್ಲಿ ಕನ್ನಡ ಪುಸ್ತಕಗಳು ದಿನೇದಿನೇ ಹೆಚ್ಚುತ್ತಿರುವ ಈ ಕಾಲದಲ್ಲಿ ನಾವು ವಿಚಾರಿಸಬೇಕಾದುದು ಅದನ್ನೇ.

ಹಿಂದೆ ಈ ಭಾಗದಲ್ಲಿ ಗ್ರಂಥವೇ ವಾಚಕನನ್ನು ಅರಸಿಕೊಂಡು ಹೋಗುತ್ತಿತ್ತು. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ಅಲೆದು ಮಾರಿದರು. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಬಲದಿಂದ ಪುಸ್ತಕಗಳನ್ನು ಮನೆಮನೆಗೆ ಮುಟ್ಟಿಸಿತು. ಕೊಡುವವನಿಗೆ ಕೊಳ್ಳುವವನ ಅಭಿರುಚಿ ತಿಳಿದಿತ್ತು. ಇಂಥವರಿಗೆ ಇಂಥದು ಹಿಡಿಸೀತೆಂದು ಅವನು ಹೇಳಬಲ್ಲವನಾಗಿದ್ದನು. ಜಾಲದಲ್ಲಿ ಆ ಮನುಷ್ಯನಿಲ್ಲ. ಅವನ ಕೆಲಸವನ್ನೆಲ್ಲ ಪುಸ್ತಕದ ವಿವರಪಟ್ಟಿಯೇ ಮಾಡಬೇಕು.

ಆ ಪಟ್ಟಿ ಕೆಟ್ಟರೆ ಆಗುವ ಹಾನಿಗೆ ಭಾರತೀಯ ಡಿಜಿಟಲ್ ಗ್ರಂಥಾಲಯವೇ ಸಾಕ್ಷಿ. ಈ ಶತಮಾನದ ಆದಿಯಲ್ಲಿ ಆರಂಭವಾದ ಆ ಯೋಜನೆಯಲ್ಲಿ ಅನೇಕ ಹಳೆಯ ಕನ್ನಡ ಪುಸ್ತಕಗಳು ಪುಟಪುಟವಾಗಿ ಚಿತ್ರಿತವಾದುವು. ಆದರೆ ಅವುಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ, ಅದೂ ಮನಸ್ಸಿಗೆ ಬಂದ ಕಾಗುಣಿತದಲ್ಲಿ, ಬರೆದಿಟ್ಟಿದ್ದರು. ಚಿಹ್ನೆಗಳಿಲ್ಲದ ರೋಮನ್ ಬರೆಹದಲ್ಲಿ ದಕಾರ ಡಕಾರಗಳಿಗೆ ಭೇದವಿಲ್ಲ. ನಕಾರ ಣಕಾರಗಳಿಗೂ ಇಲ್ಲ. ಹ್ರಸ್ವದೀರ್ಘಗಳ ಗತಿಯನ್ನಂತೂ ಕೇಳುವಂತಿಲ್ಲ. ‘ನರಗುಂದ’ವೆಂದು ಕನ್ನಡದಲ್ಲಿ ಹುಡುಕಿದವನಿಗೆ ಪುಸ್ತಕವು ಅಲ್ಲಿಯೇ ಇದ್ದರೂ ಕಾಣದು. ಪುಟಗಳು ಕೇವಲ ಚಿತ್ರಗಳಾದುದರಿಂದ ಒಳಗಿನ ಮಾತೂ ಹುಡುಕಾಟಕ್ಕೆ ಸಿಗದು. ಮುಂದೆ ಸ್ವಯಂಸೇವಕರು ‘ಪುಸ್ತಕ ಸಂಚಯ’ವೆಂಬ ಯೋಜನೆಯಲ್ಲಿ ಆ ಹೆಸರುಗಳನ್ನು ಕನ್ನಡ ಲಿಪಿಗೆ ತಂದರು. ಒಂದು ಹೊಸ ಗ್ರಂಥವನ್ನೂ ಸೇರಿಸದೆಯೇ ಓದುಗನಿಗೆ ಅವರು ಒಂದು ಗ್ರಂಥಾಲಯವನ್ನೇ ಕೊಟ್ಟರೆಂದರೆ ಅತಿಶಯೋಕ್ತಿಯಲ್ಲ.

ಲಿಪಿ ಸರಿಯಾದರೂ ತೊಡಕು ಮುಗಿಯದು. ನಮ್ಮ ಲೇಖಕರಿಗೆ ಎರಡೆರಡು ಹೆಸರು. ಬೆಟಗೇರಿ ಕೃಷ್ಣಶರ್ಮರು ಆನಂದಕಂದರು, ಬೇಂದ್ರೆಯವರು ಅಂಬಿಕಾತನಯದತ್ತರು, ಗೋಕಾಕರು ವಿನಾಯಕರು, ಆದ್ಯ ರಂಗಾಚಾರ್ಯರು ಶ್ರೀರಂಗರು. ಧಾರವಾಡದ ಸೀಮೆಯಲ್ಲಿ ಕಾವ್ಯನಾಮವಿಲ್ಲದ ಲೇಖಕನನ್ನು ಹುಡುಕುವುದೇ ಪ್ರಯಾಸವೆಂದು ವಿನೋದಕ್ಕೆ ಹೇಳಬಹುದು. ಒಂದು ಹೆಸರಿನಿಂದ ಹುಡುಕಿದವನಿಗೆ ಇನ್ನೊಂದು ಹೆಸರಿನ ಕೃತಿಗಳು ಸಿಗಬೇಕಾದರೆ ಎರಡನ್ನೂ ಪಟ್ಟಿಯಲ್ಲಿ ಬೆಸೆದಿರಬೇಕು.

ವಿಷಯಸೂಚನೆಯ ಕೊರತೆಯು ಇದಕ್ಕಿಂತ ಗಹನವಾದುದು. ‘ನರಗುಂದ ಬಂಡಾಯ’ವೆಂಬ ಒಂದೇ ಮಾತಿಗೆ ಎರಡು ಅರ್ಥಗಳು. ಒಂದು 1858ರ ಸಂಸ್ಥಾನಿಕನ ಬಂಡಾಯ. ಇನ್ನೊಂದು ಮಲಪ್ರಭಾ ನೀರಾವರಿ ಪ್ರದೇಶದಲ್ಲಿ ಅಭಿವೃದ್ಧಿ ಕರದ ವಿರುದ್ಧ ರೈತರು ನಡೆಸಿದ, 1980ರ ಜುಲೈ 21ರಂದು ಗೋಳೀಬಾರಿನಲ್ಲಿ ರಕ್ತ ಕಂಡ ಬಂಡಾಯ. ಯಂತ್ರಕ್ಕೆ ಎರಡೂ ಒಂದೇ. ವರ್ಷವನ್ನೂ ವಿಷಯವನ್ನೂ ಸೂಚಿಸದ ಪಟ್ಟಿಯು ರೈತಚಳವಳಿಯನ್ನು ಅಭ್ಯಸಿಸುವ ವಿದ್ಯಾರ್ಥಿಯನ್ನು ಬಾಬಾಸಾಹೇಬನ ಕೋಟೆಯ ಬಾಗಿಲಿಗೆ ಕೊಂಡೊಯ್ದು ನಿಲ್ಲಿಸುವುದು. ಓದುಗನ ಕಾಲವನ್ನು ಉಳಿಸುವುದು ಗ್ರಂಥಾಲಯದ ಧರ್ಮವೆಂದು ರಂಗನಾಥನ್‌ರು 1931ರಲ್ಲಿಯೇ ವಿಧಿಸಿದ್ದರಷ್ಟೆ.

ಇನ್ನು ಹೊಸ ಬರೆಹಗಳ ಮಾತು. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರತಿಲಿಪಿಯಂತಹ ವೇದಿಕೆಗಳಲ್ಲಿ ಯಾರಾದರೂ ತಮ್ಮ ಬರೆಹವನ್ನು ತಾವೇ ಪ್ರಕಟಿಸಬಹುದು. ಇದು ದೊಡ್ಡ ಅನುಕೂಲವೇ ಸರಿ. ಆದರೆ ಯಾವುದೇ ವೇದಿಕೆಯಲ್ಲಿ ಹೆಚ್ಚು ಜನ ಓದಿದುದನ್ನೇ ಮೇಲೆ ತೋರಿಸಿದರೆ, ಮೇಲಿರುವುದನ್ನೇ ಮತ್ತೆ ಹೆಚ್ಚು ಜನ ಓದುತ್ತಾರೆ. ಪ್ರಣಯಕಥೆಯ ಕೆಳಗೆ ಸ್ಥಳೀಯ ಇತಿಹಾಸದ ಪುಸ್ತಕವು ಹೂತುಹೋಗುತ್ತದೆ. ಜನಪ್ರಿಯತೆಯ ಪಟ್ಟಿ ಬೇಡವೆಂದಲ್ಲ. ಊರು, ಕಾಲ, ವಿಷಯ ಎಂಬ ದಾರಿಗಳೂ ಅದರ ಪಕ್ಕದಲ್ಲಿ ತೆರೆದಿರಬೇಕು. ಮೊದಲ ಮುದ್ರಣದ ವರ್ಷ, ಲೇಖಕನ ಎರಡೂ ಹೆಸರುಗಳು, ನಾಲ್ಕು ಸಾಲಿನ ಪರಿಚಯ, ಓದಿನೋಡಲು ಒಂದು ಅಧ್ಯಾಯ, ಇಷ್ಟನ್ನು ಕೊಡುವುದು ಪ್ರಕಾಶಕನಿಗೆ ಹೊರೆಯಾಗಲಾರದು.

ಈ ಕಾರ್ಯದಲ್ಲಿ ಕಾಲೇಜುಗಳಿಗೂ ಪಾಲುಂಟು. ಒಂದು ತರಗತಿಯ ವಿದ್ಯಾರ್ಥಿಗಳು ಒಂದೇ ತಾಲೂಕನ್ನು ಆರಿಸಿಕೊಂಡು, ಅದಕ್ಕೆ ಸಂಬಂಧಿಸಿ ಜಾಲದಲ್ಲಿರುವ ಪುಸ್ತಕಗಳನ್ನು ಓದಿ, ಪ್ರತಿಯೊಂದಕ್ಕೂ ಕನ್ನಡದಲ್ಲಿ ವಿಷಯಸೂಚಿಯನ್ನು ಸಿದ್ಧಪಡಿಸಬಹುದು. ನರಗುಂದದ ಮಟ್ಟಿಗೆ ಆ ಸೂಚಿಯ ಮೊದಲ ಎರಡು ಶೀರ್ಷಿಕೆಗಳು 1858 ಮತ್ತು 1980 ಆಗಿರತಕ್ಕದ್ದು.